ನಿಂತರೆ ನೆನಪಾಗದ ಕಥೆ

ಕುಕನೂರಿನಲ್ಲಿ ನಮ್ಮ ಪಕ್ಕದ ಮನೆಯವರು ದಿನಾ ಗೋಡೆ ಕಟ್ಟುವ ಗೌಂಡಿ, ಹಬ್ಬ-ಮದುವೆಗಳಲ್ಲಿ ಪುರವಂತರು. ಗೆಜ್ಜೆ ಕಟ್ಟಿ, ಕತ್ತಿ ಹಿಡಿದು ವೀರಭದ್ರನ ಕುಣಿತ ಕುಣಿಯುತ್ತಿದ್ದರು. ಕುಣಿಯುತ್ತಲೇ ಆ ಕುಣಿತ ಹುಟ್ಟಿದ ಕಥೆಯನ್ನೂ ಹೇಳುತ್ತಿದ್ದರು: ಅಳಿಯ ಶಿವನನ್ನು ಅವಮಾನಿಸಿದ ದಕ್ಷ, ಶಿವನ ಜಡೆಯಿಂದ ಎದ್ದು ಬಂದ ವೀರಭದ್ರ. ಓಣಿಯಲ್ಲಿ ನಿಲ್ಲಿಸಿ ಕೇಳಿದರೆ ಮಾತ್ರ ಗಡ್ಡ ಕೆರೆದುಕೊಂಡು, "ನಿಂತ್ರ ನೆನಪು ಬರಾಂಗಿಲ್ರಿ" ಎನ್ನುತ್ತಿದ್ದರು.

ಒಮ್ಮೆ ಕಟ್ಟುತ್ತಿದ್ದ ಗೋಡೆಯಿಂದ ಬಿದ್ದು ಕಾಲು ಮುರಿದುಕೊಂಡರು. ಊರಲ್ಲಿ ಇನ್ಯಾರಿಗೂ ಆ ಕಥೆ ಪೂರ್ತಿ ಬಾರದು. ಬರೆದಿಟ್ಟುಕೊಳ್ಳೋಣವೆಂದು ನೋಟ್‌ಬುಕ್ ಹಿಡಿದು ಹೋದೆ. ಪ್ಲಾಸ್ಟರ್ ಹಾಕಿದ ಕಾಲನ್ನೇ ನೋಡುತ್ತಾ, "ಮಲಕ್ಕೊಂಡ್ರೂ ಬರಾಂಗಿಲ್ರಿ" ಎಂದರು.

ಅಷ್ಟರಲ್ಲಿ ಅವರ ಹೆಂಡತಿ ಒಲೆಯ ಮುಂದೆ ಕೂತು ರೊಟ್ಟಿ ಬಡಿಯತೊಡಗಿದರು. ಆ ಸದ್ದಿಗೆ ಪ್ಲಾಸ್ಟರಿನ ಹೊರಗಿದ್ದ ಹೆಬ್ಬೆರಳು ಅಲ್ಲಾಡಿತು. ಹಿಂದೆಯೇ ಬಾಯಿ ಬಿಚ್ಚಿತು. ನಾನು ತಲೆಯೆತ್ತದೆ ಬರೆದೆ. ದಕ್ಷನ ತಲೆ ಉರುಳಿತು, ಶಿವನಿಗೆ ಕನಿಕರ ಬಂತು. ರೊಟ್ಟಿಯ ಸದ್ದು ನಿಂತಿತು. ಕಥೆಯೂ ನಿಂತಿತು.

"ಇನ್ನೆರಡು ರೊಟ್ಟಿ ಬಡಿ. ದಕ್ಷಗ ಟಗರಿನ ತಲಿ ಕುಂದ್ರಸೂದು ಐತಿ."

ರೊಟ್ಟಿ ಬುಟ್ಟಿ ಮುಚ್ಚುತ್ತಾ ಹೆಂಡತಿ ಹೇಳಿದರು: "ಹಿಟ್ಟು ತೀರೈತಿ. ನಾಳಿ ಮುಂಜಾನಿತನಾ ತಲಿ ಇಲ್ದನ ಇರ್ಲಿ ಬಿಡ್ರಿ ಅವ."