ಹಲ್ಲು ಕಟ್ಟುವವರು ಕಡಿದ ದಾರಿ

ಹೆಂಡತಿಗೆ ಆಸ್ಪತ್ರೆಯ ಎಕ್ಸ್‌ರೇ ವಿಭಾಗದಲ್ಲಿ ಕೆಲಸ ಸಿಕ್ಕಿ ನಾವು ಈ ದೇಶಕ್ಕೆ ಬಂದಾಗ ನನ್ನ ಪಾಲಿನ ಸಾಮಾನು ಎರಡು ಪ್ಯಾಂಟು ಮತ್ತು ಒಂದು ಮೌಂಟನ್ ಬೈಕು. ಬೈಕಿನ ಪೆಟ್ಟಿಗೆ ನೋಡಿ ಅವಳು, "ನಿಮ್ಮನ್ನ ಬಿಟ್ಟು ಇದೊಂದನ್ನೇ ತಂದಿದ್ರೂ ಆಗ್ತಿತ್ತು. ಮಾತಾದ್ರೂ ಕಡಿಮೆ ಇರ್ತಿತ್ತು" ಎಂದಳು. ನಲವತ್ತೆಂಟರ ವಯಸ್ಸಿನಲ್ಲಿ, ಹೊಟ್ಟೆ ಹ್ಯಾಂಡಲ್ಲಿಗೆ ತಗಲುವ ಸ್ಥಿತಿಯಲ್ಲಿ, ಗುಡ್ಡದ ಮೇಲಿಂದ ಸೈಕಲ್ಲಿನಲ್ಲಿ ಇಳಿಯುವ ಹುಚ್ಚು ನನ್ನದು. ನನಗೆ ಬೇಕಾಗಿದ್ದದ್ದು ಟ್ರೇಲ್: ಮರಗಳ ನಡುವೆ, ಕಾಲುದಾರಿಯಷ್ಟೇ ಅಗಲದ, ಉಬ್ಬು ತಗ್ಗು ತಿರುವುಗಳಿರುವ ಮಣ್ಣಿನ ಹಾದಿ.

ಊರಿನ ಮೂರು ಕಡೆ ಗುಡ್ಡ. ಟ್ರೇಲ್ ಮಾತ್ರ ಒಂದೂ ಇಲ್ಲವಂತೆ. ಹಾಗೆಂದು ಸೈಕಲ್ ಅಂಗಡಿಯವನು ಹೇಳುವಾಗ ಅವನ ಹಿಂದೆ ತೊಳೆಯಲು ಬಂದಿದ್ದ ಆರು ಬೈಕುಗಳ ಮೈತುಂಬ ಕೆಸರು.

"ಈ ಕೆಸರು ಎಲ್ಲಿದು?"

"ರಸ್ತೇದು" ಎಂದ. ಹೊರಗೆ ಟಾರು ರಸ್ತೆ ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು.

ದಾರಿ ಗೊತ್ತಿದ್ದವರು ಬಾಯಿ ಬಿಡುವುದಿಲ್ಲ ಎನ್ನುವುದು ಇಲ್ಲಿಯ ಸವಾರರ ಪದ್ಧತಿ ಎಂದು ಅರ್ಥವಾಗಲು ಎರಡು ತಿಂಗಳು ಹಿಡಿಯಿತು. ಅಷ್ಟರಲ್ಲಿ ನಾನು ಒಬ್ಬರ ತರಕಾರಿ ತೋಟಕ್ಕೂ ಇನ್ನೊಬ್ಬರ ಮದುವೆ ಫೋಟೋಕ್ಕೂ ನುಗ್ಗಿದ್ದೆ. ಕೊನೆಗೆ ಮೂರನೇ ಗುಡ್ಡದಲ್ಲಿ ನೀರಿನ ಪೈಪು ಹಾದುಹೋದ ಜಾಡನ್ನೇ ಟ್ರೇಲ್ ಎಂದುಕೊಂಡು ಇಳಿದು, ಮುಂದಿನ ಹಲ್ಲು ಅರ್ಧ ಅಲ್ಲೇ ಬಿಟ್ಟು ಬಂದೆ.

ದಂತವೈದ್ಯರು ಉಳಿದರ್ಧವನ್ನು ಅರೆದು, "ಬಣ್ಣ ಹೊಂದಿಸಬೇಕು, ಹಲ್ಲು ಕಟ್ಟುವವರ ಹತ್ತಿರ ಹೋಗಿ ಬನ್ನಿ" ಎಂದು ಎರಡು ಬೀದಿ ಆಚೆ ಕಳಿಸಿದರು. ರಸ್ತೆಬದಿಯ ಒಂದು ಕೋಣೆ. ಗೋಡೆಯುದ್ದಕ್ಕೂ ಕಪಾಟಿನಲ್ಲಿ ಪ್ಲಾಸ್ಟರಿನ ದವಡೆಗಳು, ಒಂದೊಂದಕ್ಕೂ ನಂಬರು. ಕರಗಿದ ಮೇಣದ ವಾಸನೆ. ಕಿಟಕಿಯ ಬಳಿ ಒಬ್ಬ ಹೆಂಗಸು ಸಿದ್ಧವಾದ ಸೆಟ್ಟುಗಳನ್ನು ಹತ್ತಿಯಲ್ಲಿ ಸುತ್ತುತ್ತಿದ್ದರು. ಅವರು ಅಕ್ಕ. ಹಣೆಯ ಮೇಲೆ ಭೂತಗನ್ನಡಿ ಕಟ್ಟಿಕೊಂಡು ಸಣ್ಣ ಅರದಲ್ಲಿ ಕೋರೆಹಲ್ಲು ಉಜ್ಜುತ್ತಿದ್ದ ಅರವತ್ತು ದಾಟಿದ ಕಡ್ಡಿಯಂಥ ಮನುಷ್ಯ ಅವರ ತಮ್ಮ, ಹಲ್ಲು ಕಟ್ಟುವವರು. ಇಪ್ಪತ್ತು ವರ್ಷದಿಂದ ಈ ಕೋಣೆ ಬಿಟ್ಟು ಎದ್ದಿಲ್ಲವೇನೋ ಅನ್ನಿಸುವಂತೆ ಕೂತಿದ್ದರು.

ನನ್ನ ತುಟಿ ಎತ್ತಿ ಹಿಡಿದು ಮಾದರಿ ಹಲ್ಲುಗಳನ್ನು ಒಂದೊಂದಾಗಿ ತಾಳೆ ನೋಡುತ್ತ ಕೇಳಿದರು. "ಎಲ್ಲಿ ಬಿದ್ರಿ?"

"ಮೆತ್ತಿಲು" ಎಂದೆ, ತುಟಿ ಅವರ ಕೈಯಲ್ಲಿದ್ದುದರಿಂದ.

"ಮೆಟ್ಟಿಲಿಗೆ ಬ್ರೇಕ್ ಇರುತ್ತಾ? ಗಲ್ಲದ ಮೇಲೆ ಅದರದ್ದೇ ಗುರುತಿದೆ. ಮೂರನೇ ಗುಡ್ಡ, ಪೈಪಿನ ಜಾಡು. ಅಲ್ಲಿ ಬಿದ್ದೋರಿಗೆಲ್ಲ ಎಡಗಡೆ ಹಲ್ಲೇ ಹೋಗೋದು. ನೀವು ನಾಲ್ಕನೆಯವರು."

ನಾನು ಬೆಕ್ಕಸಬೆರಗಾದೆ. ಬಾಯಿ ಮೊದಲೇ ತೆರೆದಿದ್ದರಿಂದ ಯಾರಿಗೂ ಗೊತ್ತಾಗಲಿಲ್ಲ.

"ಭಾನುವಾರ ಬೆಳಿಗ್ಗೆ ಬನ್ನಿ. ಸೈಕಲ್ ಬೇಡ, ಫೋನೂ ಬೇಡ" ಎಂದು ನನ್ನ ತುಟಿಯನ್ನು ನನಗೆ ವಾಪಸು ಕೊಟ್ಟರು.

ಭಾನುವಾರ ಅದೇ ಮೂರನೇ ಗುಡ್ಡದ ಹಿಂಬದಿಯಲ್ಲಿ ಪೊದೆಯೊಂದನ್ನು ಬಾಗಿಲಿನಂತೆ ಸರಿಸಿದರು. ಒಳಗೆ ಮರಗಳ ನಡುವೆ ಒಂಬತ್ತು ತಿರುವಿನ ದಾರಿ. ಪ್ರತಿ ತಿರುವಿನ ಹೊರ ಅಂಚನ್ನೂ ಬಟ್ಟಲಿನಂತೆ ಎತ್ತಿ ಕಟ್ಟಿ, ತಟ್ಟಿ, ನಯ ಮಾಡಲಾಗಿತ್ತು. ನಾನು ನಿಂತಲ್ಲೇ ನಿಂತೆ. ಹನ್ನೊಂದು ವರ್ಷ, ಒಂದು ಸನಿಕೆ, ಒಬ್ಬ ಮನುಷ್ಯ. ಆ ಸನಿಕೆಯನ್ನು ನನ್ನ ಕೈಗಿಟ್ಟರು. ಆರು ಭಾನುವಾರ ಮಣ್ಣು ಹೊತ್ತವರಿಗೆ ಒಂದು ಸವಾರಿ, ಅದು ನಿಯಮ. ಮನೆಯಲ್ಲಿ ನೀರಿನ ಕ್ಯಾನು ಎತ್ತಲು ಸೊಂಟ ನೋವೆನ್ನುವ ನಾನು ಆರು ಭಾನುವಾರ ಮಣ್ಣು ಹೊತ್ತದ್ದು ಕಂಡು ಹೆಂಡತಿ ನನ್ನ ಹಣೆ ಮುಟ್ಟಿ ಜ್ವರ ನೋಡಿದಳು.

ಕಚ್ಚಿದಾಗ ಯಾವ ಹಲ್ಲು ಎತ್ತರವಾಗಿದೆ ಎಂದು ನೀಲಿ ಕಾಗದ ಇಟ್ಟು ನೋಡುವವರು, ಇಲ್ಲಿ ಮಣ್ಣಿಗೆ ನೀರು ಚಿಮುಕಿಸಿ ಚಕ್ರದ ಗುರುತು ನೋಡುತ್ತಿದ್ದರು. ಗುರುತು ಒಂದು ಕಡೆ ಗಾಢವಾಗಿದ್ದರೆ ಅಲ್ಲಿ ಕಾಲು ಇಂಚು ಕೆರೆಯುವುದು. "ಯಾಕೆ ಇಷ್ಟೆಲ್ಲ?" ಎಂದು ಕೇಳಿದೆ.

"ಕಟ್ಟಿದ ಹಲ್ಲು ಯಾರದ್ದೋ ಬಾಯಿಗೆ ಹೋಗುತ್ತೆ. ನಾನು ಮತ್ತೆ ನೋಡೋದೇ ಇಲ್ಲ. ಇದು ಇಲ್ಲೇ ಇರುತ್ತೆ. ಬಂದು ನೋಡಬಹುದು."

ಕಾಡು ನೀರು ಸರಬರಾಜು ಇಲಾಖೆಯದು. ಕಾವಲುಗಾರನಿಗೆ ಎಲ್ಲ ಗೊತ್ತು. ಒಬ್ಬಿಬ್ಬರಾದರೆ ತನಗೆ ಕಣ್ಣು ಕಾಣುವುದಿಲ್ಲ, ಹೆಚ್ಚಾದರೆ ಕಾಣಿಸಿಬಿಡುತ್ತದೆ ಎಂದು ಅವನು ಮೊದಲೇ ಹೇಳಿಟ್ಟಿದ್ದನಂತೆ. ಹನ್ನೊಂದು ವರ್ಷ ಆ ದಾರಿ ಉಳಿದದ್ದು ಈ ಒಂದು ಮಾತಿನ ಮೇಲೆ.

ಏಳನೇ ಭಾನುವಾರ ನನ್ನ ಸವಾರಿ. ಆರು ತಿರುವು ಹಕ್ಕಿಯಂತೆ ಇಳಿದೆ. ಏಳನೆಯದು ಬಂಡೆಯೊಂದನ್ನು ಬಳಸಿ ಥಟ್ಟನೆ ಕೆಳಗೆ ಬೀಳುತ್ತದೆ. ಅಲ್ಲಿ ಇಳಿದು ಬೈಕನ್ನು ತಳ್ಳಿಕೊಂಡು ಹೋದೆ. ಮತ್ತೆ ಹತ್ತಿ ಕೊನೆಯವರೆಗೂ ಕೇಕೆ ಹಾಕಿದೆ.

ಫೋನು ಕಾಲುಚೀಲದಲ್ಲಿತ್ತು. ಅದಕ್ಕೆ ಕಾರಣ ನನ್ನ ಭಾಮೈದ. ಹಳೆಯ ದೇಶದಲ್ಲೇ ಕೂತು ದಿನವೂ ಕೆಣಕುತ್ತಿದ್ದ, "ಭಾವ, ಇವತ್ತು ಊಟದ ಟೇಬಲ್ ಸುತ್ತ ಎಷ್ಟು ರೌಂಡ್ ಆಯ್ತು?" ಅವನ ಬಾಯಿ ಮುಚ್ಚಿಸಬೇಕೆಂದು ನಕ್ಷೆಯ ಮೇಲಿನ ನನ್ನ ಸವಾರಿಯ ಗೆರೆಯನ್ನು, ಅವನಿಗೆ ಮಾತ್ರ ಗೊತ್ತಿದ್ದ ಅಡ್ಡಹೆಸರಿನಲ್ಲಿ, ಸವಾರರ ಆ್ಯಪಿಗೆ ಏರಿಸಿ, "ಹನ್ನೊಂದು ವರ್ಷದ ಕೈಕೆಲಸ, ಒಂಬತ್ತು ತಿರುವು, ನೋಡಿ ಹೊಟ್ಟೆ ಉರಿದುಕೋ" ಎಂದು ಬರೆದೆ. ಭಾಮೈದನೊಬ್ಬನೇ ನೋಡುತ್ತಾನೆ ಎಂದುಕೊಂಡಿದ್ದೆ. ನನ್ನ ತಲೆಯ ಒಳಗಿನ ವಿಚಾರ ಇಷ್ಟೇ.

ಮುಂದಿನೆರಡು ಭಾನುವಾರ ಹೆಂಡತಿಯ ಕಡೆಯವರು ಬಂದರೆಂದು ನಾನು ಗುಡ್ಡಕ್ಕೆ ಹೋಗಲಿಲ್ಲ. ಎರಡನೆಯ ಭಾನುವಾರ ಸಂಜೆ ಅವಳು ಪಾಳಿ ಮುಗಿಸಿ ಬಂದು ಚಪ್ಪಲಿ ಬಿಡುತ್ತ, "ಇವತ್ತು ಕಾಲರ್ ಮೂಳೆ ಮುರಿದ ಕೇಸು ಮೂರು ಬಂದಿತ್ರೀ. ಮೂವರದ್ದೂ ಸೈಕಲ್ಲೇ, ಮೂವರದ್ದೂ ಒಂದೇ ಗುಡ್ಡ. ಏಳನೇ ತಿರುವು ಅಂತೆ ಏನೋ" ಎಂದಳು.

ಕೈಯಲ್ಲಿದ್ದ ಲೋಟ ಎಲ್ಲಿಟ್ಟೆನೋ ಗೊತ್ತಿಲ್ಲ. ಫೋನು ತೆಗೆದು ನೋಡಿದರೆ ನನ್ನ ಗೆರೆಯ ಮೇಲೆ ಇನ್ನೂರ ಹತ್ತು ಜನರ ಗೆರೆ. ಭಾಮೈದ ಮಾತ್ರ ನೋಡಿರಲೇ ಇಲ್ಲ.

ಮರುದಿನ ಬೆಳಿಗ್ಗೆ ಕೋಣೆಯ ಬಾಗಿಲಲ್ಲಿ ನಿಂತೆ. ಹೇಳಿಬಿಟ್ಟೆ. "ಯಜಮಾನ್ರೇ, ನಕ್ಷೆ ಹಾಕಿದ್ದು ನಾನು."

ಅರ ನಿಲ್ಲಲಿಲ್ಲ. "ಗೊತ್ತು."

"ಹೆಸರು ಹಾಕಿರಲಿಲ್ಲವಲ್ಲ?"

"ಗೆರೆಯಲ್ಲಿ ವೇಗ ಬರುತ್ತೆ. ಏಳನೇ ತಿರುವಲ್ಲಿ ನಡೆದುಕೊಂಡು ಹೋಗೋ ವೇಗ. ನಾನು ಕರೆದುಕೊಂಡು ಹೋದೋರಲ್ಲಿ ಅಲ್ಲಿ ತಳ್ಳಿಕೊಂಡು ಹೋದೋನು ನೀನೊಬ್ಬನೇ." ಆವರೆಗೆ ನೀವು ಎನ್ನುತ್ತಿದ್ದವರು ನೀನು ಎಂದಿದ್ದು ಅದೇ ಮೊದಲು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಅಕ್ಕ ಹತ್ತಿ ಸುತ್ತುತ್ತಲೇ, "ಹೋದ ಭಾನುವಾರನೇ ಗೊತ್ತಾಯ್ತಪ್ಪ ಇವನಿಗೆ. ನೀನಾಗಿ ಬರ್ತೀಯೋ ಇಲ್ವೋ ಅಂತ ನಾವಿಬ್ಬರೂ ಕಾಯ್ತಿದ್ವಿ. ಬರಲ್ಲ ಅಂತ ನಾನು ಹೇಳಿದ್ದೆ" ಎಂದರು. ನನ್ನ ಬಗ್ಗೆ ಅವರ ಅಂದಾಜು ತಪ್ಪಿದ್ದಕ್ಕೆ ಬೇಸರವಾದಂತೆಯೇ ಕಂಡಿತು.

"ಕಾವಲುಗಾರ ಬಂದಿದ್ದ" ಎಂದರು ತಮ್ಮ. "ಒಂದು ವಾರ ಗಡುವು. ಆಮೇಲೆ ಇಲಾಖೆ ಯಂತ್ರ ತರುತ್ತೆ. ಯಂತ್ರ ಬಂದ್ರೆ ಬೇರು ಸಮೇತ ಕೀಳುತ್ತೆ. ಅದಕ್ಕಿಂತ ನಾವೇ ಮುಚ್ಚೋಣ. ಭಾನುವಾರ ಬಾ."

"ಮುಚ್ಚೋದಾ? ಪೂರ್ತಿನಾ?"

"ಅರ್ಧ ಮುಚ್ಚಿದ ದಾರಿ ದಾರೀನೇ."

ನಾನು ಅಂಗಲಾಚಿದೆ, ಇಲಾಖೆಗೆ ಅರ್ಜಿ ಬರೆಯುತ್ತೇನೆಂದೆ, ಎಲ್ಲರ ಕಾಲಿಗೂ ಬೀಳುತ್ತೇನೆಂದೆ. ಅವರು ಕೋರೆಹಲ್ಲನ್ನು ಬೆಳಕಿಗೆ ಹಿಡಿದು ನೋಡಿ ಮತ್ತೆ ಉಜ್ಜತೊಡಗಿದರು.

ಭಾನುವಾರ ಕೆಳಗಿನಿಂದ ಶುರು ಮಾಡಿದೆವು. ಕಟ್ಟಿದಷ್ಟೇ ಜತನದಿಂದ ಕೆಡವಿದರು. ಬಟ್ಟಲಿನಂಥ ಅಂಚುಗಳನ್ನು ಒಡೆದು, ಮಣ್ಣು ಹರಡಿ, ಮಳೆನೀರು ಕೊಚ್ಚದಂತೆ ಕಲ್ಲು ಇಟ್ಟು, ಮೇಲೆ ಎಲೆ ಸುರಿದು, ಎಲೆಯನ್ನೂ ಕೈಯಿಂದಲೇ ಕೆದರಿ ಸಹಜ ಮಾಡಿದರು. ಹನ್ನೊಂದು ವರ್ಷದ ಕೆಲಸ ಮಧ್ಯಾಹ್ನ ಮೂರರೊಳಗೆ ಇಲ್ಲವಾಯಿತು. ನಾನು ತಲೆ ಎತ್ತಿದರೆ ಬರೀ ಕಾಡು. ಎಲ್ಲಿ ನಿಂತಿದ್ದೇನೆಂದೇ ತಿಳಿಯಲಿಲ್ಲ. ಅಷ್ಟು ಹೊತ್ತೂ ಅವರು ನನಗೆ ಹೇಳಿದ್ದು ಎರಡೇ ಮಾತು: "ಆ ಕೊಂಬೆ" ಮತ್ತು "ಸಾಕು".

ಹಲ್ಲು ಮಾತ್ರ ಚೆನ್ನಾಗಿ ಕೂತಿದೆ. ಯಾವುದು ನನ್ನದು, ಯಾವುದು ಅವರದು ಎಂದು ಹೆಂಡತಿಗೂ ಗೊತ್ತಾಗುವುದಿಲ್ಲ. ಆದರೂ ತಿಂಗಳ ಮೇಲೊಂದು ಭಾನುವಾರ ಅದು ಅಲುಗುತ್ತದೆಂಬ ನೆಪ ಹುಟ್ಟಿಸಿಕೊಂಡು ಕೋಣೆಗೆ ಹೋದೆ. ಅಕ್ಕ ಒಬ್ಬರೇ ಇದ್ದರು.

"ಅವನಿಲ್ಲ. ಬೆಳಕು ಹರಿಯೋಕೆ ಮುಂಚೆ ಹೋದ."

"ಎಲ್ಲಿಗೆ ಅಕ್ಕ?"

"ಬೇರೆ ಯಾರಿಗಾದ್ರೂ ಹೇಳಬಹುದು, ನಿನಗೊಬ್ಬನಿಗೆ ಹೇಳಬಾರದು ಅಂದಿದ್ದಾನೆ."

"ಸನಿಕೆ ತಗೊಂಡು ಹೋದ್ರಾ?"

ಅವರು ಸುತ್ತಿದ ಸೆಟ್ಟೊಂದನ್ನು ಪಕ್ಕಕ್ಕಿಟ್ಟರು. "ಹೊಸದು ಕೊಂಡಿದ್ದಾನೆ. ಹಳೇದರ ಬಾಯಿ ಸವೆದುಹೋಗಿತ್ತು."

ಯಾವ ಗುಡ್ಡ ಎಂಬ ಪ್ರಶ್ನೆ ನಾಲಿಗೆಯ ತುದಿಗೆ ಬಂದಿತ್ತು. ಕುರ್ಚಿಯಿಂದ ನೋಡಿದರೆ ಕಿಟಕಿಯಲ್ಲಿ ಗುಡ್ಡಗಳು, ಯಾವುದೋ ಒಂದರ ಪಕ್ಕದಲ್ಲಿ ಬಿಳಿ ಅಂಗಿಯಂಥದೇನೋ ಅಲುಗಿದಂತಿತ್ತು. ಕುರ್ಚಿಯನ್ನು ತಿರುಗಿಸಿ ಕಿಟಕಿಗೆ ಬೆನ್ನು ಮಾಡಿ ಕೂತೆ. ಅಕ್ಕ ಹತ್ತಿಯ ಸುರುಳಿಯನ್ನು ನನ್ನ ಕಡೆ ತಳ್ಳಿ, "ಸುಮ್ಮನೆ ಕೂರಬೇಡ. ಮೇಲಿನ ದವಡೆ ಮೊದಲು ಸುತ್ತು" ಎಂದರು.