ಹಸಿರು ಚುಕ್ಕೆಯ ಕ್ಯಾಮೆರಾ

ಕ್ಯಾಮೆರಾ ರಿಪೇರಿಯವನ ಬಗ್ಗೆ ಒಂದು ಮಾತು ಮೊದಲೇ ಹೇಳಿಬಿಡಬೇಕು. ಕೈ ಬಂಗಾರ, ಬಾಯಿ ಬೆಂಕಿ. ಬಸ್ ನಿಲ್ದಾಣದ ಹಿಂದಿನ ಕಟ್ಟಡದಲ್ಲಿ ಮೆಟ್ಟಿಲ ಕೆಳಗೆ ಅವನ ಅಂಗಡಿ. ಎದ್ದು ನಿಂತರೆ ತಲೆ ತಾಗುತ್ತದೆ, ಹಾಗಾಗಿ ಇಪ್ಪತ್ತೆಂಟು ವರ್ಷದಿಂದ ಕೂತೇ ಇದ್ದಾನೆ. ಯಾರೇ ಕ್ಯಾಮೆರಾ ತಂದರೂ ಅವರ ಮುಖ ನೋಡುವವನಲ್ಲ. ಒಂದು ಸಲ ಗುಂಡಿ ಒತ್ತಿ, ಶಬ್ದ ಕೇಳಿ, ಒಳಗೆ ಏನು ಕೆಟ್ಟಿದೆ ಅಂತ ಹೇಳಿಬಿಡುತ್ತಿದ್ದ. ಗಿರಾಕಿ ಎರಡನೇ ಮಾತು ತೆಗೆದರೆ, ಹಾಗಾದರೆ ನೀವೇ ಮಾಡಿಕೊಳ್ಳಿ ಅಂತ ಸ್ಕ್ರೂಡ್ರೈವರ್ ಮುಂದೆ ಚಾಚುತ್ತಿದ್ದ. ಏನು ಮಾಡುವುದು, ಹಾಯುವ ಹಸುವಾದರೂ ಹಾಲು ಕೊಡುತ್ತದಲ್ಲ ಅಂತ ಜನ ಸಹಿಸಿಕೊಂಡಿದ್ದರು.

ಅವನದೊಂದು ಪದ್ಧತಿ ಇತ್ತು. ಬಿಚ್ಚಿದ ಕ್ಯಾಮೆರಾ ಮುಚ್ಚುವಾಗ ತಳದ ಕೊನೆಯ ಸ್ಕ್ರೂ ಮೇಲೆ, ಹೆಂಡತಿಯ ಹಳೇ ಉಗುರುಬಣ್ಣದಿಂದ ಒಂದು ಹಸಿರು ಚುಕ್ಕೆ ಇಡುತ್ತಿದ್ದ. ಬೇರೆ ಯಾರಾದರೂ ಬಿಚ್ಚಿದರೆ ಚುಕ್ಕೆ ಒಡೆಯುತ್ತದೆ, ಕಳ್ಳತನ ಗೊತ್ತಾಗುತ್ತದೆ.

ಅವನ ತಂಗಿಗೆ ಎರಡು ಬೀದಿ ಆಚೆ ಸಣ್ಣ ಸ್ಟುಡಿಯೋ. ಪಾಸ್‌ಪೋರ್ಟ್ ಫೋಟೋ, ವರ್ಷಕ್ಕೊಮ್ಮೆ ಶಾಲೆಗಳ ತರಗತಿ ಫೋಟೋ, ಅದರಲ್ಲೇ ಜೀವನ. ಈ ಸಲ ದೊಡ್ಡ ಶಾಲೆಯ ಕೆಲಸ ಸಿಕ್ಕಿತ್ತು, ಹತ್ತು ದಿನ ಮಾತ್ರ ಉಳಿದಿತ್ತು, ಅಷ್ಟರಲ್ಲಿ ಅವಳ ಕ್ಯಾಮೆರಾ ಕಣ್ಣು ಮುಚ್ಚಿತು. ಇನ್ನು ಇದರ ಆಸೆ ಬಿಡು ಅಂತ ಹೇಳಿದವನು ಅಣ್ಣನೇ. ಹೊಸದಕ್ಕೆ ಅವಳ ಎರಡು ವರ್ಷದ ಉಳಿತಾಯ ಸಾಲದು. ಮೊಬೈಲಿನಲ್ಲಿ ಹಳೇ ಸಾಮಾನು ಮಾರುವವರ ಗುಂಪೊಂದರಲ್ಲಿ, ಅರ್ಧಕ್ಕೂ ಕಡಿಮೆ ಬೆಲೆಗೆ ಒಳ್ಳೇ ಕ್ಯಾಮೆರಾ ಕಂಡಿತು. ಫೋಟೋಗಳನ್ನು ತಂದು ಅಣ್ಣನ ಮುಂದಿಟ್ಟಳು.

ಅವಳಿಗೆ ಅನುಮಾನ ಇದ್ದೇ ಇತ್ತು. ಮಾರುವವನು ವಿಡಿಯೋ ಕಾಲ್‌ಗೆ ಬರುತ್ತಿಲ್ಲ, ತಾನಿರುವ ಊರು ಒಂದೊಂದು ಸಲ ಒಂದೊಂದು ಹೇಳುತ್ತಾನೆ, ದುಡ್ಡು ಕಳಿಸಬೇಕಾದ ಖಾತೆ ಬೇರೆಯವರ ಹೆಸರಲ್ಲಿದೆ ಅಂತೆಲ್ಲ ಹೇಳಲು ಹೊರಟಳು. ಅಣ್ಣ ಕೈ ಅಡ್ಡ ಹಿಡಿದ. ಅವನ ಕಣ್ಣು ಕ್ಯಾಮೆರಾದ ತಳದ ಫೋಟೋ ಮೇಲೆ ನೆಟ್ಟಿತ್ತು. ಅಲ್ಲಿ ಹಸಿರು ಚುಕ್ಕೆ! ಒಡೆದಿಲ್ಲ, ಮಾಸಿಲ್ಲ. ಅವನೇ ಬಿಚ್ಚಿ ಮುಚ್ಚಿದ ಕ್ಯಾಮೆರಾ. ಒಳಗೆ ಹೊಸ ಶಟರ್ ಕೂರಿಸಿದ್ದೂ ನೆನಪಾಯಿತು. ಯಾರದ್ದು ಅನ್ನುವುದು ಮಾತ್ರ ನೆನಪಾಗಲಿಲ್ಲ. ಮುಖ ನೋಡಿದ್ದರೆ ತಾನೇ ನೆನಪಾಗುವುದು?

"ನೀನು ಸುಮ್ನಿರು, ನಿಂಗೇನು ಗೊತ್ತು? ಇದು ನಾನೇ ಮಾಡಿದ ಕ್ಯಾಮೆರಾ. ಕಣ್ಮುಚ್ಚಿ ತಗೋ," ಅಂದ.

ತಂಗಿ ಇನ್ನೇನೋ ಹೇಳಲು ಬಾಯಿ ತೆರೆದವಳು ಹೂಂ ಅಂದಳು. ಅಲ್ಲೇ ಅವನೆದುರಿಗೇ ಅರ್ಧ ದುಡ್ಡು ಕಳಿಸಿದಳು. ಉಳಿದದ್ದು ಪಾರ್ಸೆಲ್ ಹೊರಟ ಮೇಲೆ ಅಂತ ಮಾತಾಗಿತ್ತು. ಪಾಪ, ಎರಡು ವರ್ಷದ ದುಡಿಮೆ!

ನಾಲ್ಕನೇ ದಿನ ಒಬ್ಬ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಅಂಗಡಿಗೆ ಬಂದರು. ಲೆನ್ಸಿಗೆ ಧೂಳು ಹಿಡಿದಿದೆ, ಒರೆಸಿಕೊಡಿ ಅಂದರು. ಇವನು ಕ್ಯಾಮೆರಾ ಕೈಗೆ ತೆಗೆದುಕೊಂಡು ತಿರುಗಿಸಿದ. ಅದೇ ಕ್ಯಾಮೆರಾ. ತಳದ ಮೂಲೆಯಲ್ಲಿ ಫೋಟೋದಲ್ಲಿದ್ದ ಅದೇ ಗೀರು.

ಇದನ್ನು ಮಾರಿದಿರಾ ಅಂತ ಕೇಳಿದ. ಮೇಷ್ಟ್ರು ಗಾಬರಿಯಾದರು. ಹೋದ ವರ್ಷ ಮಾರೋಣ ಅಂತ ಜಾಹೀರಾತು ಹಾಕಿದ್ದು ನಿಜ, ಆಮೇಲೆ ಮನಸ್ಸು ಬರದೆ ಇಟ್ಟುಕೊಂಡರಂತೆ. ಆ ಜಾಹೀರಾತಿನ ಫೋಟೋಗಳನ್ನೇ ಯಾರೋ ಎತ್ತಿಕೊಂಡು ತಮ್ಮ ಮಾಲೆಂದು ಮಾರಲು ಕೂತಿದ್ದಾರೆ. ನಾವು ಚಾಪೆ ಕೆಳಗೆ ನುಸುಳಿದರೆ ರಂಗೋಲಿ ಕೆಳಗೆ ನುಸುಳುವ ಜನ! ಕ್ಯಾಮೆರಾ ಅಸಲಿಯೇ, ಮಾರುವವನೇ ನಕಲಿ. ಇವನು ನೂರು ಸಲ ಕ್ಯಾಮೆರಾ ನೋಡಿದ, ಒಂದು ಸಲವೂ ಮನುಷ್ಯ ಯಾರು ಅಂತ ಕೇಳಲಿಲ್ಲ.

ಉಳಿದರ್ಧ ದುಡ್ಡು ಇನ್ನೂ ತಂಗಿಯ ಬಳಿಯೇ ಇರಬಹುದು, ಈಗಲೇ ಹೇಳಿದರೆ ಉಳಿದೀತು. ಆದರೆ ಹೇಳಬೇಕಲ್ಲ. ನನ್ನಿಂದ ತಪ್ಪಾಯಿತು ಅನ್ನುವ ಮಾತು ಅವನ ನಾಲಿಗೆಗೆ ಅಭ್ಯಾಸವೇ ಇರಲಿಲ್ಲ. ಮೇಷ್ಟ್ರನ್ನು ಕೂರಿಸಿ ಫೋನ್ ತೆಗೆದ. ತಂಗಿಯ ನಂಬರ್ ಒತ್ತಿದ. ದುಡ್ಡು ಕಳಿಸಬೇಡ, ಅದು ಮೋಸ, ನಾನೇ ಎಡವಿದೆ ಅಂತ ಒಂದೇ ಉಸಿರಿಗೆ ಒದರಿದ.

ತಂಗಿ ಅವನು ಮುಗಿಸುವವರೆಗೂ ಕೇಳಿಸಿಕೊಂಡಳು.

"ಗೊತ್ತು ಅಣ್ಣ. ನಿನ್ನೆನೇ ಗೊತ್ತಾಯ್ತು. ಪಾರ್ಸೆಲ್ ತಪಾಸಣೆಲಿ ಸಿಕ್ಕಿಕೊಂಡಿದೆ, ಇನ್ನಷ್ಟು ಕಟ್ಟಿ ಅಂದ ಆ ಮಾರೋನು. ನಾನು ಕಳಿಸಲಿಲ್ಲ. ಬ್ಯಾಂಕಿಗೂ ಪೊಲೀಸರಿಗೂ ದೂರು ಕೊಟ್ಟು ಬಂದೆ."

"ಮತ್ತೆ ನಂಗ್ಯಾಕೆ ಹೇಳಲಿಲ್ಲ?"

"ಹೇಗೆ ಹೇಳಲಿ? ಮೊದಲನೇ ದಿನಾನೇ ಅನುಮಾನ ಇತ್ತು. ನೀನು ತಗೋ ಅಂದ್ಮೇಲೆ ಬೇಡ ಅನ್ನೋಕೆ ಧೈರ್ಯ ಬರಲಿಲ್ಲ."

ಅವಳು ಕೋಪದಲ್ಲಿ ಹೇಳಿದ್ದರೆ ಅವನೂ ಎರಡು ಮಾತು ಬೈದು ಹಗುರಾಗುತ್ತಿದ್ದ. ಮೆಲ್ಲಗೆ ಹೇಳಿದಳು, ಅದಕ್ಕೇ ತಡೆಯಲಾಗಲಿಲ್ಲ. ದುಡ್ಡು ಸುಲಿದವನು ಆ ಕಳ್ಳ, ಆದರೆ ಅವಳ ಬಾಯಿ ಮುಚ್ಚಿಸಿ ಅವನ ಕೈಗೆ ಒಪ್ಪಿಸಿದವನು ತಾನೇ ಅನ್ನಿಸಿತು. ಇಷ್ಟು ವರ್ಷದಲ್ಲಿ ತನ್ನೆದುರು ಹೀಗೆ ಎಷ್ಟು ಜನ ಬಾಯಿ ತೆರೆದು ಮುಚ್ಚಿದ್ದಾರೋ. ಹೆಂಡತಿ ನೆನಪಾದಳು, ಅವಳೂ ಹೀಗೇ ಎಷ್ಟೋ ಮಾತು ನುಂಗಿಕೊಂಡವಳು. ಕಣ್ಣು ಒದ್ದೆಯಾಯಿತು.

ಮಧ್ಯಾಹ್ನವೇ ಅಂಗಡಿ ಮುಚ್ಚಿ ತಂಗಿಯ ಸ್ಟುಡಿಯೋಗೆ ಹೋದ. ಅಲ್ಲಿ ಬಾಡಿಗೆಗೆ ತಂದ ಕ್ಯಾಮೆರಾ ಆಗಲೇ ಸ್ಟ್ಯಾಂಡಿನ ಮೇಲಿತ್ತು. ಶಾಲೆಯ ಕೆಲಸಕ್ಕೆ ಅಂತ ತಂದಿದ್ದಳು, ಅವನನ್ನು ಕೇಳಿರಲಿಲ್ಲ. ಹೋದ ದುಡ್ಡು ಬರುತ್ತದೋ ಇಲ್ಲವೋ, ಬ್ಯಾಂಕಿನವರು ಯಾವ ಮಾತೂ ಕೊಟ್ಟಿಲ್ಲ ಅಂದಳು. ಅಣ್ಣ ಫೋಟೋ ತೆಗೆಸಿಕೊಳ್ಳುವವರ ಸ್ಟೂಲಿನ ಮೇಲೆ ಕೂತು, ಆ ಕಳ್ಳನ ಮೆಸೇಜು ಎಲ್ಲ ತೆಗಿ, ನಿಂಗೆ ಎಲ್ಲಿಂದ ಅನುಮಾನ ಬಂತು ಹೇಳು ಅಂದ.

ಅವಳು ಶುರು ಮಾಡಿದಳು. ಒಂದು ವಾಕ್ಯ ಹೇಳಿ, ಅಣ್ಣ ಈಗ ಬಾಯಿ ಹಾಕುತ್ತಾನೆ ಅಂತ ತಾನಾಗಿ ನಿಲ್ಲಿಸಿದಳು.

"ಆಮೇಲೆ?" ಅಂದ ಅಣ್ಣ.