ನಾನು ಕಾಣದ ಜೂಯಿ

ದೊಡ್ಡಬಳ್ಳಾಪುರದ ಹೆಣ್ಣುಮಕ್ಕಳ ಶಾಲೆಗೆ ಉಪಾಧ್ಯಾಯಿನಿಯಾಗಿ ಬಂದಾಗ ನನಗೆ ಇಪ್ಪತ್ತು ದಾಟಿತ್ತು. ಗಂಡ ತೀರಿಕೊಂಡ ಮೇಲೆ ಅಣ್ಣನ ಮನೆಯಲ್ಲಿ ಕೂತು ಓದಿ, ಕೆಲಸ ಹಿಡಿದಿದ್ದೆ. ನೇಕಾರರ ಬೀದಿಯಲ್ಲಿ ಒಂದು ಕೋಣೆ ಬಾಡಿಗೆಗೆ ಸಿಕ್ಕಿತು. ಬೆಳಗಿನಿಂದ ಸಂಜೆಯವರೆಗೆ ಎರಡೂ ಪಕ್ಕದಿಂದ ಮಗ್ಗದ ಸದ್ದು. ಅದು ನಿಂತ ಮೇಲೆ ಬೀದಿಯ ಹೆಂಗಸರು ಜಗುಲಿಗೆ ಬಂದು ಮಾತಿಗೆ ಕೂರುತ್ತಿದ್ದರು. ನನ್ನನ್ನು ಯಾರೂ ಹೀಗಳೆಯಲಿಲ್ಲ; ಜರುಗಿ ಜಾಗ ಕೊಡುತ್ತಿರಲಿಲ್ಲ, ಅಷ್ಟೆ. ವಿಧವೆ, ಮೇಲಾಗಿ ಸಂಬಳ ತರುವವಳು. ನನ್ನನ್ನು ಎಲ್ಲಿ ಕೂರಿಸಬೇಕೆಂದು ಅವರಿಗೂ ಹೊಳೆಯುತ್ತಿರಲಿಲ್ಲವೇನೋ. ಭಾನುವಾರ ಇಡೀ ದಿನ ಬಾಯಿಂದ ಒಂದು ಮಾತೂ ಹೊರಡದೆ, ಸೋಮವಾರ ಹಾಜರಿ ಕೂಗುವಾಗ ಗಂಟಲು ಕಟ್ಟಿರುತ್ತಿತ್ತು.

ಬೀದಿಯ ಕೊನೆಯಲ್ಲಿ ಕ್ರೈಸ್ತ ಸನ್ಯಾಸಿನಿಯೊಬ್ಬರು ನಡೆಸುತ್ತಿದ್ದ ಸಣ್ಣ ಔಷಧಾಲಯವಿತ್ತು. ಫ್ರಾನ್ಸ್ ದೇಶದವರು, ಐವತ್ತರ ಮೇಲಿನವರು. ಊರೆಲ್ಲ ಅವರನ್ನು ಮದರ್ ಎನ್ನುತ್ತಿತ್ತು. ಒಮ್ಮೆ ಗಂಜಿ ಬಸಿಯುವಾಗ ಕೈ ಸುಟ್ಟುಕೊಂಡು ಅಲ್ಲಿಗೆ ಹೋದೆ.

“ತಾವು ದಯಮಾಡಿ ಆಸೀನರಾಗಿರಿ. ಹಸ್ತವನ್ನು ತೋರಿಸಿರಿ” ಎಂದರು ಮದರ್.

ಉರಿಯ ನಡುವೆಯೂ ನನಗೆ ನಗು ಬಂದುಬಿಟ್ಟಿತು. ಪಕ್ಕದಲ್ಲಿ ಬಟ್ಟೆಪಟ್ಟಿ ಸುತ್ತುತ್ತಿದ್ದ ಆಯಾ, ಮಸೀದಿ ಬೀದಿಯ ಸಾಬರ ಹೆಂಗಸು, ನನ್ನ ಕಡೆ ನೋಡಿ, “ನಗ್ಬೇಡಿ ಅಮ್ಮಾ. ಪುಸ್ತಕ ನೋಡಿ ಕಲ್ತಿದ್ದು ಇವ್ರು. ಹಳ್ಳಿಯವ್ರಿಗೆ ತಿಳಿಯಾಕಿಲ್ಲ, ನಾನೇ ತಿರುಗ್ಸಿ ಹೇಳ್ಬೇಕು. ನೀವು ಟೀಚರಮ್ಮ ಅಲ್ವಾ, ಸರಿಯಾಗಿ ಕಲ್ಸಿಕೊಡಿ” ಎಂದಳು.

ಹಾಗೆ ಸಂಜೆಯ ಪಾಠ ಶುರುವಾಯಿತು. ಮಾತು ಕಲಿಸಲು ಏನಾದರೂ ಮಾತಾಡಬೇಕಲ್ಲ. ನಿಮ್ಮೂರು ಯಾವುದೆಂದು ಕೇಳಿದೆ.

ಪ್ಯಾರಿಸ್ಸಿನ ಹೊರವಲಯದಲ್ಲಿ ಜೂಯಿ ಎಂಬ ಊರಂತೆ. ಅವರು ಹೇಳಿದಂತೆ ಹೇಳಲು ನನ್ನ ನಾಲಿಗೆ ಹೊರಳಲಿಲ್ಲ. ಆಯಾಗೆ ಮಾತ್ರ ಅದು ಸಲೀಸಾಯಿತು. “ಜೂಯಿ ಅಂದ್ರೆ ನಮ್ಮಲ್ಲಿ ಹೂವು. ಮಲ್ಲಿಗೆ ಥರದ್ದು” ಎಂದಳು. ಮದರ್‌ಗೆ ಅದು ಬಹಳ ಹಿಡಿಸಿತು.

ಪ್ಯಾರಿಸ್ಸಿಗೆ ಅದು, ಬೆಂಗಳೂರಿಗೆ ದೊಡ್ಡಬಳ್ಳಾಪುರ ಇದ್ದಂತೆ ಎಂದು ನಾನು ತಿಳಿದುಕೊಂಡೆ. ರೈಲು ಹತ್ತಿದರೆ ದೊಡ್ಡ ಪೇಟೆ, ಇಳಿದರೆ ಹೊಲ. ಎರಡು ಗುಡ್ಡಗಳ ನಡುವೆ ಬಿಯೆವ್ರ್ ಎಂಬ ತೊರೆ. ಆ ತೊರೆಯ ಪಕ್ಕದಲ್ಲಿ ಹಿಂದೆ ದೊಡ್ಡ ಬಟ್ಟೆ ಕಾರ್ಖಾನೆಯಿತ್ತಂತೆ.

“ಅದು ನಿಮ್ಮ ದೇಶದಿಂದ ಬಂದ ಕತೆ” ಎಂದರು ಮದರ್. ನಮ್ಮ ದೇಶದ ಕರಾವಳಿಯಿಂದ ಹಡಗಿನಲ್ಲಿ ಹೋದ ಹೂವಿನ ಅಚ್ಚಿನ ಹತ್ತಿಬಟ್ಟೆಗೆ ಅಲ್ಲಿಯ ಹೆಂಗಸರು ಮರುಳಾದರು. ಅಲ್ಲಿಯ ರೇಷ್ಮೆ, ಉಣ್ಣೆ ನೇಯುವವರ ಹೊಟ್ಟೆಗೆ ಬಿತ್ತು ಏಟು. ಅವರ ಕೂಗಿಗೆ ದೊರೆ ಆ ಬಟ್ಟೆಯನ್ನೇ ನಿಷೇಧಿಸಿದ. ಬೀದಿಯಲ್ಲಿ ಉಟ್ಟು ಬಂದವರ ಮೈಮೇಲಿಂದಲೇ ಹರಿದದ್ದೂ ಉಂಟು. ತಲೆಮಾರುಗಳು ಕಳೆದು ನಿಷೇಧ ಸಡಿಲವಾದಾಗ, ಪರದೇಶದಿಂದ ಬಂದ ಕಸಬುದಾರನೊಬ್ಬ ಜೂಯಿಯ ತೊರೆಯ ನೀರು ಮೆಚ್ಚಿ ಅಲ್ಲೇ ಅಚ್ಚಿನ ಕೆಲಸ ಹೂಡಿದ. ಬಟ್ಟೆ ತೊರೆಯಲ್ಲಿ ಒಗೆದು ಹುಲ್ಲುಗಾವಲಿನ ಮೇಲೆ ಹರಡುತ್ತಿದ್ದರು. ಅಚ್ಚು ಮುಟ್ಟದ ಕಡೆ ಹೆಂಗಸರು ಕುಂಚದಿಂದ ನೀಲಿ ತುಂಬುತ್ತಿದ್ದರು. ಮದರ್ ಅವರ ಅಜ್ಜಿಯ ತಾಯಿ ಅವರಲ್ಲಿ ಒಬ್ಬಳು. ಅವಳ ಕಾಲದಲ್ಲೇ ಕಾರ್ಖಾನೆ ಮುಚ್ಚಿತು. ಆಮೇಲೂ ಅವಳು ಸಾಯುವವರೆಗೆ ಮೇಜಿನ ಮೇಲೆ ಬೆರಳಿನಲ್ಲಿ ಎಲೆ ಬರೆಯುತ್ತಿದ್ದಳಂತೆ.

“ಪಾಪ, ಎರಡೂ ಕಡೆ ಮಗ್ಗದೋರ ಗೋಳೇ” ಎಂದಳು ಆಯಾ. ನಮ್ಮ ಬೀದಿಯಲ್ಲೂ ಆಗ ಎರಡನೇ ಮಹಾಯುದ್ಧದಿಂದ ನೂಲು ಸಿಗದೆ ಒಂದೊಂದೇ ಮಗ್ಗ ನಿಲ್ಲುತ್ತಿತ್ತು.

ಪ್ಯಾರಿಸ್ ಜರ್ಮನರ ಕೈಗೆ ಬಿತ್ತೆಂಬ ಸುದ್ದಿಯನ್ನು ನಾನು ಶಾಲೆಗೆ ಬರುತ್ತಿದ್ದ ಪತ್ರಿಕೆಯಲ್ಲಿ ಓದಿದೆ. ಹೇಗೆ ಹೇಳಲಿ ಎಂದುಕೊಂಡೇ ಹೋದರೆ ಮದರ್‌ಗೆ ಆಗಲೇ ತಿಳಿದಿತ್ತು. ಒಬ್ಬ ರೈತನ ಕಾಲಿನ ಹುಣ್ಣು ತೊಳೆಯುತ್ತಿದ್ದರು. ಮುಗಿಸಿ ಕೈ ಒರೆಸಿಕೊಂಡು, “ಇವತ್ತಿನ ಪಾಠದಲ್ಲಿ ನಿಲ್ದಾಣದಿಂದ ನಮ್ಮ ಮನೆಗೆ ಹೋಗೋಣ” ಎಂದರು. ಅಲ್ಲಿ ಅವರ ತಂಗಿಯಿದ್ದಳು. ಅವಳಿಂದ ಕಾಗದ ಬರುವುದು ನಿಂತಿತು.

ಆಮೇಲೆ ಸಂಜೆ ಸಂಜೆಯೂ ಅದೇ ದಾರಿ. ನಿಲ್ದಾಣ, ಇಳಿಜಾರು, ಸೇತುವೆ, ಬಟ್ಟೆ ಒಗೆಯುವ ಚಪ್ಪರ, ಚರ್ಚು, ರೊಟ್ಟಿ ಅಂಗಡಿ, ಹಸಿರು ಬಾಗಿಲು. ಅವುಗಳ ಫ್ರೆಂಚ್ ಹೆಸರುಗಳೇ ನಾನು ಕಲಿತ ಫ್ರೆಂಚ್. ರಾತ್ರಿ ಉಂಡು ಮಲಗುವಾಗ ಕೋಣೆಯಲ್ಲಿ ಒಬ್ಬಳೇ ಅನ್ನಿಸಿದರೆ ಆ ದಾರಿಯಲ್ಲಿ ನಡೆಯುತ್ತಿದ್ದೆ. ಎಷ್ಟು ನಡೆದರೂ ಅಲ್ಲಿ ಎದುರಿಗೆ ಒಬ್ಬರೂ ಸಿಗುತ್ತಿರಲಿಲ್ಲ.

ಯುದ್ಧ ಇನ್ನೂ ನಡೆಯುತ್ತಿದ್ದ ಒಂದು ಬೇಸಿಗೆಯಲ್ಲಿ ಮದರ್‌ಗೆ ವಿಷಮಶೀತ ಜ್ವರ ಹಿಡಿಯಿತು. ಬೆಂಗಳೂರಿನಿಂದ ಡಾಕ್ಟರು ಬಂದು, ಅಲುಗಿಸಬಾರದು ಎಂದು ಹೇಳಿಹೋದರು. ಆಯಾ ಬಂದು ನನ್ನನ್ನು ಶಾಲೆಯಿಂದಲೇ ಕರೆದಳು.

“ಕನ್ನಡ ಹೊಂಟೋಯ್ತು ಅಮ್ಮಾ, ಇಂಗ್ಲೀಷೂ ಹೊಂಟೋಯ್ತು. ಏನೋ ಕೇಳ್ತಾರೆ, ನಂಗೊಂದೂ ತಿಳೀತಿಲ್ಲ. ನೀರೂ ಕುಡೀತಿಲ್ಲ. ಬೇಗ ಬನ್ನಿ.”

ಹೋಗಿ ನೋಡಿದರೆ ಮದರ್ ಕಣ್ಣು ತೆರೆದೇ ಇದ್ದರು, ಅವರಿಗೆ ನಾನು ಕಾಣುತ್ತಿರಲಿಲ್ಲ. ಫ್ರೆಂಚಿನಲ್ಲಿ ಒಂದೇ ಸಮನೆ ಏನನ್ನೋ ಬೇಡುತ್ತಿದ್ದರು. ನನಗೆ ಅರ್ಥವಾಗಲಿಲ್ಲ. ಹಾಸಿಗೆಯ ಪಕ್ಕ ಕೂತು ಅವರ ಬಿಸಿ ಕೈ ಹಿಡಿದುಕೊಂಡೆ. ಬೇರೇನೂ ತೋಚದೆ, ನನಗೆ ಗೊತ್ತಿದ್ದ ಆ ಏಳೆಂಟು ಮಾತುಗಳನ್ನು ಹೇಳತೊಡಗಿದೆ. ನಿಲ್ದಾಣ. ಇಳಿಜಾರು. ಸೇತುವೆ. ಅವರು ಬೇಡುವುದು ನಿಂತಿತು. ಕೇಳಿಸಿಕೊಳ್ಳುತ್ತಿದ್ದರು. ಆಯಾ ಚಮಚದಲ್ಲಿ ನೀರು ಹಿಡಿದಳು, ಗುಟುಕರಿಸಿದರು. ಹಸಿರು ಬಾಗಿಲು ಮುಟ್ಟಿದರೆ ಮತ್ತೆ ನಿಲ್ದಾಣಕ್ಕೆ ಬರುತ್ತಿದ್ದೆ. ಶಾಲೆಗೆ ರಜೆ ಹೇಳಿ ಕಳಿಸಿ, ದಿನವೂ ಹಾಗೇ ನಡೆಸಿದೆ.

ಒಂದು ಮಧ್ಯಾಹ್ನ ನಿದ್ದೆಗಣ್ಣಿನಲ್ಲಿ ತಪ್ಪಿದೆನೇನೋ, ಸೇತುವೆ ದಾಟಿದ ಮೇಲೆ ಚರ್ಚು ಎಂದುಬಿಟ್ಟೆ.

“ಅಲ್ಲ ಕಣಮ್ಮ” ಎಂಬ ಕ್ಷೀಣ ಧ್ವನಿ ಬಂತು, ಕನ್ನಡದಲ್ಲಿ. “ಮೊದ್ಲು ಒಗೆಯೋ ಚಪ್ಪರ. ಆಮೇಲೆ ಚರ್ಚು.”

ಆಯಾ ಚಮಚ ಕೆಳಗಿಟ್ಟು ಮುಖ ಮುಚ್ಚಿಕೊಂಡು ಅತ್ತಳು. ನಾನು ಚಪ್ಪರದಿಂದ ಶುರುಮಾಡಿದೆ.

ಯುದ್ಧ ಮುಗಿದ ಮೇಲೆ ಸುದ್ದಿ ಬಂತು: ಮನೆ ನಿಂತಿದೆ, ತಂಗಿ ಬದುಕಿದ್ದಾಳೆ, ನಡೆಯಲಾರಳು. ಮಠದವರು ಮದರ್‌ಗೆ ಊರಿಗೆ ಮರಳಲು ಅಪ್ಪಣೆ ಕೊಟ್ಟರು. ರೈಲಿನ ಕಿಟಕಿಯಿಂದ ಅವರು ನನ್ನ ಕೈ ಬಿಡಲಿಲ್ಲ.

“ನನಗೀಗ ಭಯ ಕಣಮ್ಮ. ಅಲ್ಲಿ ಕನ್ನಡ ಮಾತಾಡೋಕೆ ಯಾರಿದಾರೆ?”

ರೈಲು ಹೋದ ಮೇಲೆ ಆಯಾ ಮತ್ತು ನಾನು ಪೇಟೆಯವರೆಗೆ ನಡೆದೆವು; ಅವಳ ಬೀದಿ ಬಂದಾಗ ಅವಳು ತಿರುಗಿಕೊಂಡಳು. ಸಂಜೆ ಏನು ಮಾಡಬೇಕೆಂದು ತಿಳಿಯದೆ ಬಹಳ ದಿನ ಔಷಧಾಲಯದ ಬೀಗದವರೆಗೆ ಹೋಗಿ ಬರುತ್ತಿದ್ದೆ.

ಮರುವರ್ಷ ನನ್ನನ್ನು ತ್ಯಾಮಗೊಂಡ್ಲುವಿಗೆ ವರ್ಗ ಮಾಡಿದರು. ಮತ್ತೊಂದು ಬಾಡಿಗೆ ಕೋಣೆ, ಗುರುತಿಲ್ಲದ ಬೀದಿ. ಮೊದಲ ವಾರ ಹಳೆಯ ಪರಿಪಾಠದಂತೆ ಬಾಗಿಲು ಹಾಕಿಕೊಂಡೇ ಇದ್ದೆ. ಆಮೇಲೊಂದು ಸಂಜೆ ಸೇದುವ ಬಾವಿಯ ಹತ್ತಿರ ಒಬ್ಬ ಮುದುಕಿ ಬಿಂದಿಗೆ ತುಂಬುತ್ತಿದ್ದಳು. ಹೋಗಿ ಹಗ್ಗಕ್ಕೆ ಕೈಕೊಟ್ಟು ಕೇಳಿದೆ:

“ಅಜ್ಜಿ, ಈ ಊರು ಮೊದ್ಲು ಹೆಂಗಿತ್ತು?”

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಬಿಂದಿಗೆಯನ್ನು ಕಟ್ಟೆಯ ಮೇಲಿಟ್ಟು, ಸೆರಗಿನಿಂದ ಪಕ್ಕದ ಕಲ್ಲು ಒರೆಸಿದಳು.

“ಕೂತ್ಕೋ ಮಗಾ” ಎಂದಳು. “ಅದೇನು ಒಂದ್ಮಾತಲ್ಲಿ ಮುಗಿಯೋದಾ?”